ಮೋಹಿನಿಯೂ ಮುದುಕನೂ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬೆರಳುದ್ದದ ಒಂದು ಪ್ಲಾಸ್ಟಿಕ್ ಮೀನು. ಅದಕ್ಕೆ ಕೆಂಪು ಕಣ್ಣು, ಬೆಳ್ಳಿ ಹೊಟ್ಟೆ, ಹೊಟ್ಟೆಯ ಕೆಳಗೆ ಎರಡು ಕೊಕ್ಕೆ, ಬಾಲದ ಬುಡದಲ್ಲಿ ಚಾರ್ಜ್ ಮಾಡಲೊಂದು ತೂತು. ನೀರಿಗೆ ಬಿದ್ದರೆ ಮಿನುಗುತ್ತದೆ, ಗುಂಯ್‌ಗುಡುತ್ತದೆ, ಬಳುಕುತ್ತದೆ. ಬಳುಕಿದ್ದಕ್ಕೆಲ್ಲ ಮಾಲೀಕನ ಮೊಬೈಲಿಗೆ ವರದಿ ಒಪ್ಪಿಸುತ್ತದೆ, ಮೊಬೈಲು ದೂರವಿದ್ದರೆ ಹತ್ತಿರ ಬಂದ ಮೇಲೆ. ಹೆಸರು ಮೋಹಿನಿ.

"ಸಾರ್, ಇದನ್ನ ಬರೀ ಗಾಳಕ್ಕೆ ಕಟ್ಟೋ ಹುಸಿಮೀನು ಅನ್ಕೋಬೇಡಿ ಸಾರ್" ಎಂದು ಅಂಗಡಿಯವನು ಕಣ್ಣು ಅರ್ಧ ಮುಚ್ಚಿ ಹೇಳಿದ್ದ. "ಹೊಟ್ಟೆ ತುಂಬಿರೋ ಮೀನೂ ಇದನ್ನ ಕಂಡ್ರೆ ಬಾಯಿ ಬಿಡತ್ತೆ. ಹನ್ನೊಂದು ಮೂಡ್ ಇದೆ ಸಾರ್. ತುಂಟ ಮೂಡ್, ಗಾಯಗೊಂಡ ಮೂಡ್, ನಾಚಿಕೆ ಮೂಡ್... ನಾಚಿಕೆ ಮೂಡ್‌ಗಂತೂ ದೊಡ್ಡ ದೊಡ್ಡ ಮೀನು ಬಿದ್ದೋಗಿದೆ ಸಾರ್!"

ಗಾಳದ ಅಂಗಡಿಯವರು ರೀಲು ಮಾರುವುದೂ ಉಂಟು, ಬಿಡುವುದೂ ಉಂಟು ಎಂದು ತಿಳಿಯದ ವಯಸ್ಸೇನೂ ನಮ್ಮ ಷರತ್ತಪ್ಪನದಲ್ಲ. ಆದರೂ ಬಿದ್ದ. ಅಂಗಡಿಯಲ್ಲಿ ಆ ದಿನ ಮೋಹಿನಿ ಹಿಡಿದ ಮೊದಲ ಪ್ರಾಣಿ ಅವನೇ.

ಷರತ್ತಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ವಿಮಾ ಕಚೇರಿಯಲ್ಲಿ ಪಾಲಿಸಿಯ ಹಿಂಬದಿಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಷರತ್ತು ಬರೆಯುವುದು ಅವನ ಉದ್ಯೋಗ. ಮನೆ ಸುಟ್ಟರೆ ಪರಿಹಾರ ಉಂಟು, ಆದರೆ ಬೆಂಕಿಯಿಂದ ಸುಟ್ಟಿದ್ದರೆ ಇಲ್ಲ, ಆ ಬಗೆಯ ಸಾಹಿತ್ಯ. ವಾರದ ದಿನಗಳಲ್ಲಿ ಕಚೇರಿಯ ಬಾಸ್ ಹಿಂದೆ ಅಲೆಯುತ್ತಿದ್ದ, ರಜೆಯ ದಿನ ಕೆರೆಯ ಬಾಸ್ ಹಿಂದೆ. ಕೆರೆಯದು ಮೀನಿನ ಜಾತಿ. ದೊಡ್ಡ ಬಾಯಿ, ಸಣ್ಣ ಕಣ್ಣು, ಸುಮ್ಮನೆ ಮೂಲೆಯಲ್ಲಿ ಕೂತಿದ್ದು ಇದ್ದಕ್ಕಿದ್ದಂತೆ ಮೈಮೇಲೆ ಬರುವ ಸ್ವಭಾವ. ಲಕ್ಷಣದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿರಲಿಲ್ಲ.

ಇನ್ನು ಮಾವ. "ಎರಡು ವಾರ ಇದ್ದು ಹೋಗ್ತೀನಿ" ಎಂದು ಒಂದು ಪೆಟ್ಟಿಗೆ ಹಿಡಿದು ಬಂದವರು ಎಂಟು ತಿಂಗಳಿಂದ ಇದ್ದರು. ಹೋಗುವ ಭಾಗ ಮಾತ್ರ ಬಾಕಿಯಿತ್ತು. ಷರತ್ತಪ್ಪ ಗಾಳದ ಕೋಲುಗಳನ್ನು ಇಟ್ಟುಕೊಂಡು ಬಾಗಿಲು ಹಾಕಿ ಕೂರುತ್ತಿದ್ದ ಪುಟ್ಟ ಕೋಣೆ ಈಗ ಮಾವನದು. ಕೋಲುಗಳು ಬಚ್ಚಲಿನ ಅಟ್ಟ ಸೇರಿದ್ದವು. ಹೋಗಲಿ ಎಂದರೆ ಆ ಬಚ್ಚಲೂ ಅವನದಾಗಿ ಉಳಿದಿರಲಿಲ್ಲ. ಮನೆಗಿದ್ದದ್ದು ಒಂದೇ ಬಚ್ಚಲು. ಬೆಳಗ್ಗೆ ಆರಕ್ಕೆ ಮಾವ ಒಳಗೆ ಹೋಗಿ ಚಿಲಕ ಹಾಕಿದರೆ ಏಳೂವರೆಯವರೆಗೆ ಅದೊಂದು ಪ್ರತ್ಯೇಕ ರಾಷ್ಟ್ರ. ಹೊರಗೆ ಷರತ್ತಪ್ಪ ಟವೆಲ್ ಹೊದ್ದು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಬಾಗಿಲು ಬಡಿಯುತ್ತಿದ್ದ. ಹಾಜರಿ ಪುಸ್ತಕದಲ್ಲಿ ಅವನ ಸಾಲು ಕೆಂಪು ಶಾಯಿಯಿಂದ ಕೆಂಡಸಂಪಿಗೆಯಂತಾಗಿತ್ತು.

ಮೋಹಿನಿ ಮನೆಗೆ ಬಂದ ಸಂಜೆ ಮಾವ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬಾಲ ಎತ್ತಿ ನೋಡಿದರು.

"ಮೀನು ಬಾಯಿ ಬಿಡೋದು ನಿಜ ಅಳಿಯಂದ್ರೇ" ಎಂದರು. "ಆದ್ರೆ ನಗೋಕೆ."

ಮಾವ ನಲವತ್ತು ವರ್ಷ ಮರಗೆಲಸ ಮಾಡಿದವರು. ಕುರ್ಚಿಯ ಕಾಲಿನಲ್ಲಿ ಮಿಕ್ಕ ತುಂಡನ್ನು ಕೆತ್ತಿ ತಾವೇ ಮಾಡಿಕೊಂಡ ಹುಸಿಮೀನೊಂದು ಅವರಲ್ಲಿತ್ತು. ಬಣ್ಣ ಹೋಗಿತ್ತು, ಒಂದು ಕಣ್ಣು ಹೋಗಿತ್ತು, ಮೈತುಂಬ ಹಲ್ಲಿನ ಗುರುತು. ಹೆಸರು ಮುದುಕ. ಅದು ಸದಾ ಅವರ ಟೋಪಿಗೆ ಸಿಕ್ಕಿಸಿಕೊಂಡೇ ಇರುತ್ತಿತ್ತು.

"ಹಾಗಿದ್ರೆ ಪಂದ್ಯ ಮಾವ! ನಿಮ್ಮ ಮುದುಕ, ನನ್ನ ಮೋಹಿನಿ!"

ಹೆಂಡತಿ ಒಗೆದ ಬಟ್ಟೆ ಮಡಿಸುತ್ತಲೇ ಹೇಳಿದಳು: "ರೀ, ಅವರಿಗೆ ವಯಸ್ಸಾಗಿದೆ, ನಿಮಗೆ ಬುದ್ಧಿ ಬಂದಿಲ್ಲ. ಇಬ್ಬರೂ ಸುಮ್ನಿರಿ."

ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿ, "ತೀರ್ಪುಗಾರ ನಾನು!" ಎಂದಾಗಿತ್ತು. ಕೆಳಗಿನ ಮನೆಯ ಆಂಟಿ, ಸುದ್ದಿ ಆಂಟಿ ಎಂದೇ ಹೆಸರಾದವರು, ಅದನ್ನು ಕಟ್ಟಡದ ಮೊಬೈಲ್ ಗುಂಪಿಗೆ ಹಾಕಿಯೂ ಆಗಿತ್ತು. ಇನ್ನು ಹಿಂದೆಗೆಯುವಂತಿರಲಿಲ್ಲ.

ಷರತ್ತಪ್ಪ ಕಾಗದ ತೆಗೆದ. ಬರೆಯುತ್ತ ಹೋದಂತೆ ಅವನ ಮುಖಕ್ಕೆ ಕಳೆ ಬಂತು. ಮೋಹಿನಿ ಗೆದ್ದರೆ ಮಾವ ಮರುದಿನವೇ ಕಿರಿಯ ಮಗಳ ಮನೆಗೆ ಹೊರಡತಕ್ಕದ್ದು. ಮುದುಕ ಗೆದ್ದರೆ ಇಲ್ಲೇ ಕಾಯಂ ಇರತಕ್ಕದ್ದು. ಅತಿ ದೊಡ್ಡ ಮೀನೇ ಗೆಲುವು, ಸಂಜೆ ನಾಲ್ಕಕ್ಕೆ ಮುಕ್ತಾಯ. ಆಮೇಲೆ ನಾಲ್ಕನೇ ಷರತ್ತು, ಅವನ ಮಟ್ಟಿಗೆ ಅದೊಂದು ಕಲಾಕೃತಿ: 'ಹಿಡಿದವರು ಯಾರೆಂಬುದು ಗಣನೆಗೆ ಬಾರದು, ಹಿಡಿದದ್ದು ಯಾವ ಹುಸಿಮೀನೆಂಬುದು ಮಾತ್ರ. ಮೀನಿನ ಬಾಯಲ್ಲಿರುವುದೇ ಸಾಕ್ಷಿ.'

"ಇದು ಕೈಚಳಕದ ಪ್ರಶ್ನೆ ಅಲ್ಲ ಮಾವ, ವಿಜ್ಞಾನದ ಪ್ರಶ್ನೆ" ಎಂದು ವಿವರಿಸಿದ. ಗೆದ್ದ ಮೇಲೆ 'ಏನೋ ಅದೃಷ್ಟ' ಎನ್ನಲು ಯಾರಿಗೂ ಬಾಯಿ ಇರಬಾರದಲ್ಲ.

ಮಾವ ಕನ್ನಡಕ ಏರಿಸಿ ಎರಡು ಸಲ ಓದಿದರು. ಒಂದೇ ಒಂದು ಸೇರ್ಪಡೆ ಕೇಳಿದರು. "ಹಾಗೇನಾದ್ರೂ ನಾನು ಇಲ್ಲೇ ಇರೋ ಪರಿಸ್ಥಿತಿ ಬಂದ್ರೆ, ನೀವು ಬಚ್ಚಲ ಬಾಗಿಲು ಬಡೀಬಾರದು."

ಐದನೇ ಷರತ್ತಾಗಿ ಅದೂ ಸೇರಿತು. ಸೋತರೆ ತಾನೇ, ಎಂದುಕೊಂಡ ಷರತ್ತಪ್ಪ.

ಭಾನುವಾರ ಬೆಳಗ್ಗೆ ಉದ್ಯಾನದ ಕೆರೆಯ ದಂಡೆಗೆ ಸವಾರಿ ಹೊರಟಿತು. ಹೆಡ್‌ಮೇಷ್ಟ್ರ ಕೊರಳಲ್ಲಿ ಸೀಟಿ, ಕೈಯಲ್ಲಿ ಸೂಟ್‌ಕೇಸ್ ತೂಗುವ ತಕ್ಕಡಿ. ಸುದ್ದಿ ಆಂಟಿಯ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು. ಹೆಂಡತಿ ಫ್ಲಾಸ್ಕು ಮತ್ತು ಒಂದು ದಪ್ಪ ಪುಸ್ತಕ ತಂದಿದ್ದಳು. ಬೆಂಚಿನ ಮೇಲೆ ಕೂತವಳು ಇಬ್ಬರತ್ತಲೂ ಬೆನ್ನು ತಿರುಗಿಸಿದಳು.

"ಅಳಿಯಂದ್ರೇ, ಬ್ಯಾಟರಿ ಫುಲ್ ಇದೆ ತಾನೇ?" ಎಂದು ಮಾವ ಕೇಳಿದರು. ಸ್ವರದಲ್ಲಿ ನಿಜವಾದ ಕಾಳಜಿಯಿತ್ತು. ಅಣಕಿಸುತ್ತಿದ್ದಾರೆ ಎಂದುಕೊಂಡು ಷರತ್ತಪ್ಪ ಹಲ್ಲು ಕಚ್ಚಿದ.

ಸೀಟಿ ಕೂಗಿತು. ಮೋಹಿನಿ ಹಾರಿ ನೀರಿಗೆ ಬಿತ್ತು. ಷರತ್ತಪ್ಪನ ಅಂಗಿ ಜೇಬಿನಿಂದ, ಊರಿನವರೆಲ್ಲ ತನ್ನ ಚಿಕ್ಕ ತಮ್ಮಂದಿರೇನೋ ಎಂಬಷ್ಟು ಅಕ್ಕರೆಯ ಹೆಣ್ಣುದನಿ ಹೊರಟಿತು: "ನಮಸ್ಕಾರ. ನಿಮ್ಮ ಮೋಹಿನಿ ಈಗ ನೀರಿನಲ್ಲಿದ್ದಾಳೆ. ದಯವಿಟ್ಟು ಮೂಡ್ ಆಯ್ಕೆ ಮಾಡಿ."

ಬೆನ್ನು ತಿರುಗಿಸಿ ಕೂತಿದ್ದ ಹೆಂಡತಿ ಅಷ್ಟಕ್ಕೆ ಸರಕ್ಕನೆ ಈ ಕಡೆ ತಿರುಗಿದಳು.

"ಮೀನಿನದು! ಮೀನಿನದು ಕಣೇ!" ಎಂದು ಷರತ್ತಪ್ಪ ಮೊಬೈಲ್ ಎತ್ತಿ ತೋರಿಸಿದ.

ತುಂಟ ಮೂಡ್ ಒತ್ತಿದ. ಮೋಹಿನಿ ಗಿರಗಿರನೆ ಸುತ್ತಿತು. ಮೀನು ಬರಲಿಲ್ಲ, ಒಂದು ಗಂಡು ಬಾತುಕೋಳಿ ಬಂತು. ಮೋಹಿನಿಯ ಸುತ್ತ ಕತ್ತು ಕೊಂಕಿಸಿ ಈಜಾಡತೊಡಗಿತು. ಗಾಯಗೊಂಡ ಮೂಡ್ ಹಾಕಿದ; ಬಾತುಕೋಳಿಗೆ ಕನಿಕರ ಹೆಚ್ಚಾಯಿತು. ನಾಚಿಕೆ ಮೂಡ್ ಹಾಕಿದ್ದಂತೂ ಅನಾಹುತವಾಯಿತು. ಬಾತು ರೆಕ್ಕೆ ಬಡಿದು ಮೋಹಿನಿಯನ್ನು ತಬ್ಬಲು ಹೊರಟಿತು.

"ರೀ ಷರತ್ತಪ್ಪನೋರೇ" ಎಂದು ಹೆಡ್‌ಮೇಷ್ಟ್ರು ಪ್ರಾರ್ಥನೆಯ ಸಾಲಿನ ಮುಂದೆ ನಿಂತ ದನಿಯಲ್ಲಿ ಕೂಗಿದರು. "ಬಾತುಕೋಳಿ, ಪಂದ್ಯದ, ವ್ಯಾಪ್ತಿಗೆ, ಬರುವುದಿಲ್ಲ!"

ಬಾತನ್ನು ತಪ್ಪಿಸಲು ಷರತ್ತಪ್ಪ ದಾರ ಸುತ್ತಿಕೊಂಡು, ಕೋಲನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆದ. ಕೋಲು ಎಂದಿಗಿಂತ ಭಾರವಾಗಿತ್ತು. ಮೋಹಿನಿಯ ಜೊತೆ ಸುದ್ದಿ ಆಂಟಿಯ ಕೊಡೆಯೂ ಅವನ ತಲೆಯ ಮೇಲಿಂದ ಹಾದು, ಕೆರೆಯ ನಡುವೆ ತಲೆಕೆಳಗಾಗಿ ಕೂತು ತೇಲಿತು. ಬಾತುಕೋಳಿ ಹತ್ತಿ ಅದರೊಳಗೆ ಕುಳಿತುಕೊಂಡಿತು.

"ಅಯ್ಯೋ ನನ್ ಕೊಡೆ! ಪರವಾಗಿಲ್ಲ, ಪರವಾಗಿಲ್ಲ, ಹಾಗೇ ಇರಿ, ಅಲ್ಲಾಡಬೇಡಿ" ಎಂದರು ಆಂಟಿ, ವಿಡಿಯೋ ತೆಗೆಯುತ್ತ.

ಷರತ್ತಪ್ಪ ಸೊಂಟದವರೆಗೆ ನೀರಿಗಿಳಿದು ಕೊಡೆ ತಂದ. ಬಾತು ಅವನ ಕಿವಿಗೆ ಎರಡು ಸಲ ಕುಕ್ಕಿ ತನ್ನ ಅಭಿಪ್ರಾಯ ತಿಳಿಸಿತು.

ಅತ್ತ ಮಾವ ಮೆಟ್ಟಿಲ ಹತ್ತಿರ, ಮಕ್ಕಳು ಕಾಲಾಡಿಸುವ ಮೊಣಕಾಲುದ್ದದ ನೀರಿನಲ್ಲಿ ಗಾಳ ಹಾಕಿ ಕೂತಿದ್ದರು. ಅಲ್ಲಿ ಮೀನಿರಲಿ, ಮೀನಿನ ನೆನಪೂ ಇರಲು ಸಾಧ್ಯವಿಲ್ಲ. ಆದರೂ ಅರ್ಧ ಗಂಟೆಯಲ್ಲಿ ಒಂದು ಮರಿ ಬಾಸ್ ಓಡಿಬಂದು ಮುದುಕನನ್ನು ಕಚ್ಚಿತು. ಮುನ್ನೂರ ಐವತ್ತು ಗ್ರಾಂ.

"ಛೆ" ಎಂದರು ಮಾವ.

"ನೋಡಿ, ಎಂಥ ವಿನಯ!" ಎಂದು ಹೆಡ್‌ಮೇಷ್ಟ್ರು ತೂಕ ಬರೆದುಕೊಂಡು ಮೀನನ್ನು ನೀರಿಗೆ ಬಿಟ್ಟರು. ಹಿಡಿದದ್ದನ್ನು ತೂಗಿ ಬಿಡುವುದು ಆ ಕೆರೆಯ ನಿಯಮ.

ಮಧ್ಯಾಹ್ನದ ಹೊತ್ತಿಗೆ ಮೋಹಿನಿಯ ಖಾತೆಯಲ್ಲಿ ಒಂದು ಚಪ್ಪಲಿ, ಒಂದು ಹೂಕುಂಡದ ಅಡಿ, ಮತ್ತು ಆಂಟಿಯ ಕೊಡೆ ಇದ್ದವು. ಒಂದೂವರೆಗೆ ಅಕ್ಕರೆಯ ದನಿ ಹೇಳಿತು: "ಮೋಹಿನಿ ದಣಿದಿದ್ದಾಳೆ. ದಯವಿಟ್ಟು ಚಾರ್ಜ್ ಮಾಡಿ. ಒಂದು ಗಂಟೆ ಬೇಕಾಗುತ್ತದೆ."

ಷರತ್ತಪ್ಪನೂ ದಣಿದಿದ್ದ. ಅವನನ್ನು ಚಾರ್ಜ್ ಮಾಡುವವರು ಯಾರೂ ಇರಲಿಲ್ಲ. ಬೆಂಚಿನ ಹಿಂದೆ ಚೀಲದಲ್ಲಿದ್ದ ಪವರ್ ಬ್ಯಾಂಕಿಗೆ ಮೋಹಿನಿಯನ್ನು ಸಿಕ್ಕಿಸಿ ನೆಲದ ಮೇಲೆ ಕುಸಿದ. ಪಕ್ಕದ ಮರದ ನೆರಳಲ್ಲಿ ಮಾವ ಮುಖದ ಮೇಲೆ ಟೋಪಿ ಮುಚ್ಚಿ ಗೊರಕೆ ಹೊಡೆಯುತ್ತಿದ್ದರು. ಪ್ರತಿ ಗೊರಕೆಗೂ ಟೋಪಿ ಒಂದಂಗುಲ ಏಳುತ್ತಿತ್ತು, ಇಳಿಯುತ್ತಿತ್ತು. ಟೋಪಿಯ ಪಟ್ಟಿಗೆ ಸಿಕ್ಕಿಸಿದ್ದ ಮುದುಕ ಉಳಿದ ಒಂದೇ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದ.

ಷರತ್ತಪ್ಪನ ತಲೆಯೊಳಗೆ ಏನೋ ಮಿನುಗಿತು. ಮೀನಿನ ಬಾಯಲ್ಲಿರುವುದೇ ಸಾಕ್ಷಿ! ಹಿಡಿಯುವ ಕೆಲಸ ಮುದುಕ ಮಾಡಲಿ. ಆಮೇಲೆ ಅವನನ್ನು ತೆಗೆದು ಮೋಹಿನಿಯನ್ನು ಸಿಕ್ಕಿಸಿದರೆ ಕೇಳುವವರು ಯಾರು? ಬೇರೆಯವರು ಬರೆದ ಷರತ್ತಿನಲ್ಲಿ ತೂತು ಹುಡುಕುವುದು ಸುಲಭ. ತಾನೇ ಬರೆದದ್ದರಲ್ಲಿ ಹುಡುಕುವುದಕ್ಕೆ ಪ್ರತಿಭೆ ಬೇಕು.

ಗೊರಕೆ ಮೇಲಕ್ಕೆ ಹೋದಾಗ ಟೋಪಿ ಹಿಡಿದ, ಕೆಳಕ್ಕೆ ಬಂದಾಗ ಕೊಕ್ಕೆ ಬಿಡಿಸಿದ. ಐದು ಗೊರಕೆಯಲ್ಲಿ ಕೆಲಸ ಮುಗಿಯಿತು.

"ಚಾರ್ಜ್ ಆಗೋವರೆಗೆ ಒಂದು ಸುತ್ತು ನಡೆದು ಬರ್ತೀನಿ" ಎಂದ.

"ಕೋಲು ಹಿಡ್ಕೊಂಡಾ?" ಎಂದಳು ಹೆಂಡತಿ, ಪುಸ್ತಕದಿಂದ ತಲೆಯೆತ್ತದೆ.

"ಊರುಗೋಲು ಅನ್ಕೋ."

ಪಂಪ್‌ಹೌಸಿನ ಹಿಂದೆ ಜೊಂಡು ಬೆಳೆದ ಮೂಲೆಯಲ್ಲಿ ಯಾರೂ ಇರಲಿಲ್ಲ. ಹತ್ತು ಸಲ ಎಸೆದ, ಇಪ್ಪತ್ತು ಸಲ ಎಸೆದ. ಗಂಟೆ ಮೂರೂವರೆಯಾಗುತ್ತ ಬಂತು. ಮುದುಕ ಗುಂಯ್‌ಗುಡಲಿಲ್ಲ, ಮಿನುಗಲಿಲ್ಲ, ಯಾರಿಗೂ ನಮಸ್ಕಾರ ಹೇಳಲಿಲ್ಲ. ಕಾಲು ನೋಯುವವರು ಮೆಟ್ಟಿಲಿಳಿದಂತೆ ಓರೆಯಾಗಿ ತೇಲುತ್ತ ಬಂದ. ಇದ್ದಕ್ಕಿದ್ದಂತೆ ಜೊಂಡಿನ ನಡುವೆ ನೀರು ಬಾಯಿ ತೆರೆಯಿತು. ಕೋಲು ಬಿಲ್ಲಾಯಿತು. ಹತ್ತು ನಿಮಿಷ ಷರತ್ತಪ್ಪ ಮುಂದಕ್ಕೆ ನಾಲ್ಕು ಹೆಜ್ಜೆ, ಹಿಂದಕ್ಕೆ ಮೂರು ಹೆಜ್ಜೆ ಕುಣಿದ. ಕೊನೆಗೆ ದಡಕ್ಕೆ ಬಂದದ್ದನ್ನು ನೋಡಿ ಅವನಿಗೇ ಹೆದರಿಕೆಯಾಯಿತು. ಅಂಥ ಬಾಸನ್ನು ಅವನು ಕೆರೆಯಲ್ಲಿ ಕಂಡಿರಲಿಲ್ಲ, ಕಚೇರಿಯಲ್ಲಿ ಮಾತ್ರ ಕಂಡಿದ್ದ.

ಮುದುಕನನ್ನು ಬಿಡಿಸಲು ನೋಡಿದ. ಕೊಕ್ಕೆ ದವಡೆಗೆ ಗಟ್ಟಿಯಾಗಿ ಕೂತಿತ್ತು. ದಾರ ಕತ್ತರಿಸಿ, ಮೀನನ್ನು ಬಲೆಚೀಲಕ್ಕೆ ಹಾಕಿ ಜೊಂಡಿನ ನೀರಿನಲ್ಲೇ ಮುಳುಗಿಸಿ ಕಟ್ಟಿದ. ಬೆಂಚಿನ ಹಿಂದಿನ ಚೀಲದಲ್ಲಿ ಇಕ್ಕುಳವಿದೆ, ಮೋಹಿನಿಯೂ ಇದೆ, ಎರಡನ್ನೂ ತಂದರಾಯಿತು. ಬೆಂಚಿನತ್ತ ಓಡಿದ.

ಪವರ್ ಬ್ಯಾಂಕು ಇತ್ತು. ವೈರು ಇತ್ತು. ವೈರಿನ ತುದಿಯಲ್ಲಿ ಏನೂ ಇರಲಿಲ್ಲ. ಮರದ ಕೆಳಗೆ ಮಾವನೂ ಇರಲಿಲ್ಲ.

"ಮೋಹಿನಿ ಎಲ್ಲಿ?" ಎಂದು ಚೀರಿದ.

"ಅದನ್ನ ಹೆಂಡತಿ ಹತ್ರ ಕೇಳ್ತಾ ಇದೀರಲ್ಲ, ನಿಮ್ಮ ಧೈರ್ಯಾನ ಮೆಚ್ಚಬೇಕು" ಎಂದಳು ಅವಳು, ಹಾಳೆ ತಿರುಗಿಸುತ್ತ.

ಚೀಲ ಕೊಡವಿದ, ಬೆಂಚಿನ ಕೆಳಗೆ ತೂರಿದ, ಫ್ಲಾಸ್ಕಿನ ಒಳಗೂ ನೋಡಿದ. ಅಷ್ಟರಲ್ಲಿ ಆಚೆ ದಡದಿಂದ, ಓರೆಯಾಗಿ ನೀರಿಗೆ ಬಾಗಿದ ಮರದ ಕಡೆಯಿಂದ, ಸೀಟಿ ಮೂರು ಸಲ ಕೂಗಿತು. ಹೆಡ್‌ಮೇಷ್ಟ್ರ ದನಿ ನೀರಿನ ಮೇಲೆ ತೇಲಿಬಂತು:

"ಮೋಹಿನಿ! ಎರಡು, ಕಿಲೋ, ಒಂಬೈನೂರು! ಹಿಡಿದವರು, ಮಾವನವರು! ನಾಲ್ಕನೇ, ಷರತ್ತಿನಂತೆ, ಹಿಡಿದವರು, ಗಣನೆಗೆ, ಬಾರದು! ಮೋಹಿನಿ, ಮುಂದಿದೆ!"

ಷರತ್ತಪ್ಪ ನಿಂತಲ್ಲೇ ನಿಂತ. ಮಾವ? ಮೋಹಿನಿಯಲ್ಲಿ? ಯಾಕೆ ಎಂದು ಯೋಚಿಸುವ ಪುರಸೊತ್ತು ಇರಲಿಲ್ಲ. ಲೆಕ್ಕ ಬಹಳ ಸರಳವಿತ್ತು. ತಾನು ಗೆದ್ದಾಗಿದೆ! ಪುಟ್ಟ ಕೋಣೆ ತನ್ನದು, ಬಚ್ಚಲು ತನ್ನದು, ಆರು ಗಂಟೆ ತನ್ನದು. ಆಗಬೇಕಾದದ್ದು ಒಂದೇ. ಜೊಂಡಿನಲ್ಲಿ ಕಟ್ಟಿಹಾಕಿರುವ ಆ ದೈತ್ಯನನ್ನು ಯಾರೂ ನೋಡುವ ಮೊದಲು ನೀರಿಗೆ ಬಿಡಬೇಕು.

ಓಡಿದ. ಒದ್ದೆ ಪ್ಯಾಂಟು ಪಟಪಟ ಬಡಿಯುತ್ತಿತ್ತು. ಹಿಂದೆ ಬಾತುಕೋಳಿಯೂ ಸ್ವಲ್ಪ ದೂರ ಓಡಿಬಂತು. ಪಂಪ್‌ಹೌಸ್ ದಾಟಿ ತಿರುಗಿದರೆ...

ಸುದ್ದಿ ಆಂಟಿ ಜೊಂಡಿನ ನಡುವೆ ನಿಂತಿದ್ದರು. ಬಲೆಚೀಲದಿಂದ ಹೊರತೆಗೆದ ಮೀನನ್ನು ಎಡಗೈಯಲ್ಲಿ ಅವುಚಿ ಹಿಡಿದು, ಬಲಗೈಯ ಮೊಬೈಲಿಗೆ ಮುಖ ಕೊಟ್ಟು ಹೇಳುತ್ತಿದ್ದರು: "ನೋಡ್ತಾ ಇದೀರಲ್ವಾ ಎಲ್ಲಾರೂ, ಇದು ಲೈವು..."

"ಆಂಟೀ, ಬಿಡಿ! ಬಿಟ್ಬಿಡಿ ಅದನ್ನ!"

"ಬಿಡೋದಾ? ಹತ್ತು ನಿಮಿಷ ಒದ್ದಾಡಿದ್ದನ್ನ ನಾನು ಪಂಪ್‌ಹೌಸ್ ಮರೆಯಿಂದ ಪೂರ್ತಿ ವಿಡಿಯೋ ಮಾಡಿದೀನಿ! ಮೊದಲಿಂದ ಕೊನೆವರೆಗೆ!"

"ಅದು ನಂದಲ್ಲ ಆಂಟಿ!"

"ನಿಮ್ದೇ. ಮುಖ ಚೆನ್ನಾಗೇ ಬಂದಿದೆ."

ಷರತ್ತಪ್ಪ ಮೀನಿನ ಮೇಲೆ ಹಾರಿದ. ಆಂಟಿ ಪಕ್ಕಕ್ಕೆ ಸರಿದರು. ಅವನು ಜೊಂಡಿನೊಳಗೆ ಮುಖ ಕೆಳಗಾಗಿ ಬಿದ್ದ. ತಲೆಯೆತ್ತಿ ಕಣ್ಣಿನ ಕೆಸರು ಒರೆಸಿಕೊಳ್ಳುವಾಗ ಎದುರಿಗೆ ಎರಡು ಜೊತೆ ಪಾಲಿಶ್ ಮಾಡಿದ ಬೂಟು ಕಂಡವು. ಒಂದೇ ಜೊತೆ, ಎರಡಾಗಿ ಕಂಡದ್ದು ಬಿದ್ದ ಪರಿಣಾಮ. ಆಂಟಿಯ ಲೈವ್ ನೋಡಿದ್ದ ಹೆಡ್‌ಮೇಷ್ಟ್ರು ತಕ್ಕಡಿ ಸಮೇತ ಬಂದುಬಿಟ್ಟಿದ್ದರು. ಹಿಂದೆ ಮಾವ, ಅವರ ಹಿಂದೆ ಹೆಂಡತಿ.

"ಮೂರು, ಕಿಲೋ, ನೂರು" ಎಂದರು ಹೆಡ್‌ಮೇಷ್ಟ್ರು. ಮೀನಿನ ಬಾಯಿ ಅಗಲಿಸಿ ಇಣುಕಿದರು. "ಬಾಯಲ್ಲಿರುವುದು, ಮುದುಕ! ಸಮಯ, ಮೂರು, ಐವತ್ತೆಂಟು. ಮುದುಕನಿಗೆ, ಜಯ!"

ಮಾವನ ಮುಖ ಅವರ ಮಾಸಿದ ಬೂದು ಟೋಪಿಯ ಬಣ್ಣಕ್ಕೆ ತಿರುಗಿತು. ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ ಷರತ್ತಪ್ಪನ ಹೆಂಡತಿಯ ಮೇಲಿತ್ತು. ಅವಳ ಪುಸ್ತಕ ಕೈಯಿಂದ ಜಾರಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

"ರೀ... ನೀವು ಕದ್ದು ಅಪ್ಪನ ಹುಸಿಮೀನಲ್ಲಿ ಹಿಡಿದ್ರಾ? ಅಪ್ಪ ಇಲ್ಲೇ ಇರಲಿ ಅಂತಾ?"

ಷರತ್ತಪ್ಪ ಬಾಯಿ ತೆರೆದ. ಬಾಯಿಂದ ಒಂದಿಷ್ಟು ಕೆಸರು ನೀರು ಬಂತು. ಇದಕ್ಕೆ ಇಲ್ಲ ಎನ್ನಬಲ್ಲ ಗಂಡ ಇನ್ನೂ ಹುಟ್ಟಿರಲಿಲ್ಲ.

"ಮತ್ತೆ ಅಪ್ಪ, ನೀವು! ಇವರು ಗೆಲ್ಲಲಿ ಅಂತ ಇವರ ಹುಸಿಮೀನಲ್ಲಿ ಹಿಡಿದ್ರಿ! ನಮಗೆ ಭಾರ ಆಗ್ತೀನಿ ಅಂತ ಅನ್ಕೊಂಡ್ರಿ ಅಲ್ವಾ?"

ಮಾವ ಟೋಪಿ ತೆಗೆದು ನೆಲ ನೋಡಿದರು.

"ಅಯ್ಯೋ, ಒಬ್ಬರಿಗೋಸ್ಕರ ಒಬ್ಬರು ಸೋಲೋಕೆ ಹೊರಟಿದ್ದಾರಲ್ರೀ!" ಎಂದು ಸುದ್ದಿ ಆಂಟಿ ಮೂಗು ಸೆಳೆದುಕೊಂಡು ಮೊಬೈಲನ್ನು ಇನ್ನಷ್ಟು ಹತ್ತಿರ ಹಿಡಿದರು. "ಅಳಿಯ ಮಾವ ಅಂದ್ರೆ ಹೀಗಿರಬೇಕು. ಇಬ್ಬರೂ ಅಪ್ಕೊಳ್ಳಿ. ಸ್ವಲ್ಪ ಈ ಕಡೆ, ಬೆಳಕು ಬರಲಿ."

ಅಪ್ಪಿಕೊಂಡರು. ಕಟ್ಟಡದ ಇಪ್ಪತ್ತನಾಲ್ಕು ಮನೆಯವರೂ ಅದನ್ನು ನೋಡಿದರು. ಹೆಂಡತಿ ಅಲ್ಲಿಂದಲೇ ತಂಗಿಗೆ ಫೋನು ಮಾಡಿದಳು: "ಅಪ್ಪ ಇನ್ಮೇಲೆ ನಮ್ಮನೇಲೇ ಕಣೇ. ಇವರೇ ಹಟ ಹಿಡಿದು ಉಳಿಸ್ಕೊಂಡ್ರು."

ಅಪ್ಪುಗೆಯೊಳಗೆ, ಆಂಟಿಯ ಮೊಬೈಲಿಗೆ ಕೇಳಿಸದ ದನಿಯಲ್ಲಿ ಮಾವ ಹಲ್ಲು ಕಡಿದರು. "ಮೂರು ಕಿಲೋ ನೂರು ಯಾಕೆ ಹಿಡಿಯೋಕೆ ಹೋದ್ರಿ ಅಳಿಯಂದ್ರೇ? ಮುನ್ನೂರು ಗ್ರಾಂ ಕಮ್ಮಿದು ಸಿಗಲಿಲ್ವಾ ನಿಮಗೆ?"

"ಮಾವ, ಅಂದ್ರೆ ನೀವು..."

"ಎಂಟು ತಿಂಗಳಿಂದ ಹೊರಡೋಕೆ ದಾರಿ ಹುಡುಕ್ತಾ ಇದೀನಿ! ಹೋಗ್ತೀನಿ ಅಂದ್ರೆ ಇವಳು ಅಳ್ತಾಳೆ. ಒಂದ್ಸಲ ಪೆಟ್ಟಿಗೆ ಮುಟ್ಟಿದ್ದಕ್ಕೆ ಮೂರು ದಿನ ಅತ್ತಳು. ಪಂದ್ಯದಲ್ಲಿ ಸೋತು ಹೋದ್ರೆ ಯಾರೂ ಏನೂ ಅನ್ನೋ ಹಾಗಿಲ್ಲ ಅಂತ ಎಷ್ಟು ಖುಷಿಯಾಗಿತ್ತು. ಮೊಣಕಾಲುದ್ದ ನೀರಲ್ಲಿ ಹಾಕಿದ್ರೂ ಈ ಹಾಳು ಮುದುಕ ಹಿಡೀತು. ಎದ್ದು ನೋಡಿದ್ರೆ ಟೋಪೀಲಿ ಇರಲಿಲ್ಲ. ಪೀಡೆ ತೊಲಗಿತು ಅಂತ ನಿಮ್ಮ ಮೋಹಿನೀನ ಎತ್ಕೊಂಡು ಆ ಬಾಗಿದ ಮರದ ಕೆಳಗೆ ಹೋದೆ. ಅದು ಬರೀ ಮಾತಾಡೋ ತಗಡು ಕಣ್ರೀ. ಅದರಲ್ಲೂ ಎರಡು ಕಿಲೋ ಒಂಬೈನೂರು ಹಿಡಿದೆ, ನಿಮಗೋಸ್ಕರ!"

"ಅಲ್ಲಿ... ಕಿರಿಯವಳ ಮನೇಲಿ ಅಂಥದ್ದೇನಿದೆ ಮಾವ?"

ಮಾವ ಅವನ ಕೆಸರು ಕಿವಿಗೆ ಬಾಯಿ ತಂದು ದೇವರ ಹೆಸರು ಹೇಳುವ ಭಕ್ತಿಯಿಂದ ಉಸಿರಿದರು.

"ಎರಡು ಬಚ್ಚಲು."

ಮನೆಗೆ ಬಂದಾಗ ಇಬ್ಬರ ಮೈಯೂ ಕೆರೆಯನ್ನೇ ಹೊತ್ತು ತಂದಂತೆ ನಾರುತ್ತಿತ್ತು. ಮಾವ ಮೊದಲು ಒಳಗೆ ಹೋದರು. ಚಿಲಕ ಬಿತ್ತು. ಷರತ್ತಪ್ಪ ಟವೆಲ್ ಹೊದ್ದು ಬಾಗಿಲ ಹೊರಗೆ ನಿಂತ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ತಲೆಯ ಮೇಲಿನ ಜೊಂಡು ಒಣಗಿ ಉದುರತೊಡಗಿತು.

ಕೆಸರು ಅಂಗಿಯ ಜೇಬಿನೊಳಗಿಂದ ಅಕ್ಕರೆಯ ದನಿ ಮಾತಾಡಿತು: "ಅಭಿನಂದನೆಗಳು! ನಿಮ್ಮ ಮೋಹಿನಿ ಇಂದು ತನ್ನ ಮೊದಲ ಮೀನು ಹಿಡಿದಿದ್ದಾಳೆ. ನಿಮ್ಮ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?"

ಷರತ್ತಪ್ಪ ಬಾಗಿಲು ಬಡಿಯಲು ಕೈ ಎತ್ತಿದ. ಐದನೇ ಷರತ್ತು ನೆನಪಾಯಿತು. ಎತ್ತಿದ ಕೈಯಿಂದ ಮೆಲ್ಲಗೆ ಕಿವಿ ತುರಿಸಿಕೊಂಡ. ಬಾತುಕೋಳಿ ಕುಕ್ಕಿದ್ದ ಜಾಗ ಇನ್ನೂ ಉರಿಯುತ್ತಿತ್ತು.